ಹೆಣ್ಣಿಗಾಗಿ ಹೆಣ್ಣಿಲ್ಲದ ಊರಿಗೆ

ಅಜ್ಜಂಪುರ

ನನ್ನ ದನಿ ದೊಡ್ಡದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಜ್ಜಂಪುರದಲ್ಲಿ ಅಪ್ಪ ಹಾಕಿದ ಹಿಟ್ಟಿನ ಗಿರಣಿಯನ್ನು ಈಗ ನಾನೂ ನಮ್ಮ ಯಜಮಾನರೂ ನಡೆಸುತ್ತೇವೆ. ಮೆಷಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಂಟಲು ಹಾಗೇ ನಿಂತುಹೋಗಿದೆ. ಪರದೇಶ ನೋಡಿಬಂದವರು ನಾಜೂಕಾಗಿ ಮಾತಾಡಬೇಕಂತೆ. ಅದು ನನ್ನ ಕೈಲಾಗದ ಮಾತು.

ದೋಹಾಕ್ಕೆ ನಾನು ಹೋದದ್ದು ಊರು ನೋಡಲಿಕ್ಕಲ್ಲ, ತಮ್ಮನನ್ನು ನೋಡಲಿಕ್ಕೆ. ತಮ್ಮ ಓಂಕಾರ ಮೊದಲು ಇಲ್ಲೇ ಈರುಳ್ಳಿ, ರಾಗಿ ಬೆಳೆದುಕೊಂಡಿದ್ದವನು. ಬೀಡಿ ಸೇದುವವನಲ್ಲ, ಕುಡಿಯುವವನಲ್ಲ. ಆದರೆ ಹೆಣ್ಣಿನ ಕಡೆಯವರು ಬಂದು "ಹುಡ್ಗ ಏನ್ ಮಾಡ್ತಾನೆ?" ಅಂತ ಕೇಳುವರು, ನಾವು "ಬೇಸಾಯ" ಎನ್ನುವೆವು, ಅವರು ಲೋಟದ ಕಾಫಿ ಮುಗಿಸಿ ಎದ್ದುಬಿಡುವರು. ಕಡೂರು, ತರೀಕೆರೆ ಯಾವ ಕಡೆಗೆ ಹೋದರೂ ಇದೇ ಕಥೆ. ಹೆಣ್ಣುಮಕ್ಕಳು ಓದಿದರು, ಕೆಲಸ ಹಿಡಿದು ಊರು ಬಿಟ್ಟರು. ಒಳ್ಳೆಯದೇ ಮಾಡಿದರು, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಉಳಿದದ್ದು ಗಂಡುಹುಡುಗರು. ನಮ್ಮ ಬೀದಿಯ ಹುಡುಗರೆಲ್ಲ ಹೆಣ್ಣು ಸಿಗಲೆಂದು ಹರಕೆ ಹೊತ್ತು ಬರಿಗಾಲಲ್ಲಿ ಬೆಟ್ಟಕ್ಕೆ ನಡೆದು ಬಂದರು. ಪಾಪ, ದೇವರಾದರೂ ಎಲ್ಲಿಂದ ತರಬೇಕು?

ಓಂಕಾರ ಎ.ಸಿ. ರಿಪೇರಿ ಕಲಿತು ದೋಹಾಕ್ಕೆ ಹೋದ. "ಹುಡ್ಗ ಏನ್ ಮಾಡ್ತಾನೆ" ಅನ್ನುವುದಕ್ಕೆ ಒಂದು ಉತ್ತರ ಬೇಕಿತ್ತು, ಅಷ್ಟೇ. ಹೋಗಿ ಹತ್ತು ವರ್ಷವಾಯಿತು. ಆ ಊರಿನಲ್ಲಿ ಕಟ್ಟಡ ಕಟ್ಟುವವರು, ಗಾಡಿ ಓಡಿಸುವವರು, ತಂತಿ ಎಳೆಯುವವರು ಎಲ್ಲರೂ ಹೊರಗಿನಿಂದ ಬಂದ ಗಂಡಸರು, ಹೆಂಗಸರೆಂದರೆ ಅಲ್ಲೊಬ್ಬರು ಇಲ್ಲೊಬ್ಬರು. ಹೆಣ್ಣು ಸಿಗಲೆಂದು ಹೆಣ್ಣೇ ಇಲ್ಲದ ಊರಿಗೆ ಹೋದ ಜಾಣ ನಮ್ಮವನು!

ಈ ಸಲ ಕೊನೆಗೂ ಒಂದು ಸಂಬಂಧ ಬಂತು. ಹುಡುಗಿ ಮಮತಾ, ಲಿಂಗದಹಳ್ಳಿಯವಳು, ತರೀಕೆರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಇಬ್ಬರೂ ಫೋನಿನಲ್ಲಿ ಮಾತಾಡಿದ್ದರು. ಒಂದು ದಿನ ಅವಳು ನನ್ನನ್ನು ಲ್ಯಾಬಿನ ಹೊರಗೆ ನಿಲ್ಲಿಸಿಕೊಂಡು ನೇರವಾಗಿ ಹೇಳಿದಳು.

"ಅಕ್ಕ, ನಿಮ್ ತಮ್ಮ ಫೋನಲ್ಲಿ ಚೆನ್ನಾಗೇ ಮಾತಾಡ್ತಾರೆ. ಫೋನಲ್ಲಿ ಕೆಟ್ಟದಾಗಿ ಮಾತಾಡೋರು ಯಾರಿದಾರೆ ಹೇಳಿ? ಊರಿಗೆ ಬಂದು ಮತ್ತೆ ಹೊಲ ಮಾಡ್ತೀನಿ ಅಂತಾರೆ, ಮಾಡ್ಲಿ. ನಂಗೆ ಸಂಬಳ ಇದೆ, ನಾನಂತೂ ಕೆಲ್ಸ ಬಿಡಲ್ಲ. ಆದ್ರೆ ಇಷ್ಟು ವರ್ಷ ಬರೀ ಗಂಡಸರ ಮಧ್ಯೆ ಇದ್ದೋರು. ಒಬ್ಬ ಹೆಂಗಸಿನ ಜೊತೆ ಒಂದೇ ಮನೇಲಿ ಬಾಳೋಕೆ ಅವರಿಗೆ ಬರುತ್ತಾ? ನೀವು ಹೋಗ್ತಿದೀರಲ್ಲ, ನೋಡ್ಕೊಂಡು ಬಂದು ನಿಜ ಹೇಳಿ. ತಮ್ಮ ಅಂತ ಮುಚ್ಚಿಡ್ಬೇಡಿ."

"ನೀನು ಹೂಂ ಅನ್ನೋದು ಅದರ ಮೇಲಾ?"

"ಅದರ ಮೇಲೇ, ಅಕ್ಕ."

ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇದೂ ತಪ್ಪಿದ್ರೆ ನನ್ ಮಗ ಹಂಗೇ ಉಳ್ಕಂತಾನೆ ಕಣೇ ಗೌರಿ. ಏನಾದ್ರೂ ಇರ್ಲಿ, ಚೆಂದಾಗವ್ನೆ ಅಂತ್ಲೇ ಹೇಳು." ನನಗೂ ತಮ್ಮನ ಮದುವೆ ಆಗಬೇಕು, ಆದರೆ ಆ ಹುಡುಗಿಗೆ ಸುಳ್ಳು ಹೇಳುವುದು ಹೇಗೆ? ಈ ಸಂಕಟವನ್ನೂ ಸೂಟ್‌ಕೇಸಿನಲ್ಲಿ ತುಂಬಿಕೊಂಡೇ ಹೊರಟೆ.

ವಿಮಾನ ನಿಲ್ದಾಣ

"ಗಸಗಸೆ ಮಾತ್ರ ತರ್ಬೇಡ ಅಕ್ಕ, ಇಲ್ಲಿ ಅದು ಅಫೀಮಿನ ಲೆಕ್ಕ, ಹಿಡ್ದು ಒಳಗೆ ಹಾಕ್ತಾರೆ" ಎಂದು ಓಂಕಾರ ಮೊದಲೇ ಹೆದರಿಸಿದ್ದ. ಗಸಗಸೆ ತರಲಿಲ್ಲ. ಗಿರಣಿಯವಳು ನಾನು, ಹಿಟ್ಟು ತಂದೆ. ಮುದ್ದೆಗೆ ರಾಗಿ ಹಿಟ್ಟು, ರೊಟ್ಟಿಗೆ ಅಕ್ಕಿ ಹಿಟ್ಟು, ತಂಬಿಟ್ಟಿಗೆ ಹುರಿಗಡಲೆ ಹಿಟ್ಟು.

ರಾಗಿ ಹಿಟ್ಟಿನ ಪೊಟ್ಟಣ ಸೂಟ್‌ಕೇಸಿನೊಳಗೇ ಒಡೆದಿತ್ತು. ಅಲ್ಲಿಯ ಅಧಿಕಾರಿ ಮುಚ್ಚಳ ತೆಗೆದದ್ದೇ ತಡ, ಬೂದುಬಣ್ಣದ ಪುಡಿ ಹಾರಿ ಅವನ ಇಸ್ತ್ರಿ ಅಂಗಿಯ ಮೇಲೆ ಕೂತಿತು. ಅವನ ಹುಬ್ಬು ಮೇಲೇರಿತು. ಇಂಗ್ಲಿಷ್ ಇದ್ದದ್ದೂ ಮರೆತುಹೋಯಿತು.

"ರಾಗಿ ಕಣಪ್ಪಾ! ರಾಗಿ ಹಿಟ್ಟು!" ಎಂದು ಗಿರಣಿಯ ದನಿಯಲ್ಲೇ ಕೂಗಿ, ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಣ ಹಿಟ್ಟು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ಇನ್ನಷ್ಟು ಹಾರಿತು. ಆ ಅಧಿಕಾರಿ ನಗು ತಡೆಯಲಾಗದೆ ಆಚೆ ತಿರುಗಿ ನಕ್ಕ. ಆಮೇಲೆ ತಾನೇ ಟೇಪು ತಂದು ಪೊಟ್ಟಣಕ್ಕೆ ಸುತ್ತಿ, ನೀರಿನ ಬಾಟಲಿ ಕೊಟ್ಟು ಕಳಿಸಿದ. ಮರ್ಯಾದಸ್ಥ.

ಹೊರಗೆ ಬಂದರೆ ಗಂಡಸರು. ನಮ್ಮಲ್ಲೂ ಬಸ್ ಸ್ಟ್ಯಾಂಡಿನಲ್ಲಿ ಗಂಡಸರೇ ಜಾಸ್ತಿ, ಆದರೆ ನಡುನಡುವೆ ಹೂ ಮಾರುವವಳೋ ಕಾಲೇಜಿನ ಹುಡುಗಿಯೋ ಇರುತ್ತಾರೆ. ಇಲ್ಲಿ ಕಸ ಗುಡಿಸುವವನೂ ಗಂಡಸು, ಹೂಗಿಡಕ್ಕೆ ನೀರು ಹಾಕುವವನೂ ಗಂಡಸು, ಅಂಗಡಿಯಲ್ಲಿ ಬಳೆ ಒರೆಸಿ ಇಡುವವನೂ ಗಂಡಸು. ಎಲ್ಲರ ಮುಖವೂ ಯಾರದೋ ಮನೆಯವನ ಮುಖದ ಹಾಗಿತ್ತು.

ಮೆಟ್ರೋ

ನಾನು ಇಳಿದುಕೊಂಡದ್ದು ವಿಮಲಾ ಎಂಬ ಬೀರೂರಿನ ಕಡೆಯ ನರ್ಸಮ್ಮನ ಮನೆಯಲ್ಲಿ. ಗಂಡನೂ ಅಲ್ಲೇ ಕೆಲಸದಲ್ಲಿದ್ದುದರಿಂದ ಅವಳಿಗೆ ಮನೆ ಮಾಡುವ ಅವಕಾಶ ಸಿಕ್ಕಿತ್ತು. ಆ ಊರಿನ ಒಂದು ಮಾತನ್ನು ನನಗೆ ತಿಳಿಸಿಕೊಟ್ಟವಳೂ ಅವಳೇ. ಹೆಂಡತಿ ಜೊತೆಯಲ್ಲಿದ್ದರೆ ಮನುಷ್ಯ 'ಫ್ಯಾಮಿಲಿ', ಇಲ್ಲದಿದ್ದರೆ 'ಬ್ಯಾಚುಲರ್'. ಊರಲ್ಲಿ ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಇದ್ದರೂ ಅಷ್ಟೇ. ಓಂಕಾರನ ರೂಮಿನಲ್ಲಿರುವ ಭದ್ರಾವತಿಯ ಡ್ರೈವರ್ ರಫೀಕಣ್ಣನಿಗೆ ಗಡ್ಡ ಬೆಳ್ಳಗಾಗಿದೆ, ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ್ದಾನೆ. ಅವನೂ ಬ್ಯಾಚುಲರ್ರೇ!

ಮೆಟ್ರೋ ರೈಲಿನಲ್ಲಿ ಫ್ಯಾಮಿಲಿಗಳಿಗೆಂದೇ ಒಂದು ಡಬ್ಬಿ. ಗೊತ್ತಿಲ್ಲದೆ ನಾನು ಓಂಕಾರನ ಹಿಂದೆ, ಅವನು ದಿನಾ ಹತ್ತುವ ಡಬ್ಬಿಗೇ ನುಗ್ಗಿದೆ. ಕೆಲಸ ಮುಗಿಸಿ ಬರುತ್ತಿದ್ದವರಿಂದ ತುಂಬಿತ್ತು. ನನ್ನನ್ನು ಕಂಡೊಡನೆ ಇಡೀ ಒಂದು ಸಾಲು ಎದ್ದು ನಿಂತಿತು. ಒಬ್ಬರಲ್ಲ, ಸಾಲಿಗೆ ಸಾಲೇ. ಸಿಮೆಂಟು ಮೆತ್ತಿದ ಬೂಟುಗಳು, ನಿದ್ದೆಗೆ ಜೋಲುವ ಕಣ್ಣುಗಳು. "ಕೂತ್ಕೊಳ್ರಪ್ಪಾ, ನಂಗೊಂದೇ ಸೀಟು ಸಾಕು" ಎಂದರೆ ಯಾರೂ ಕೂರಲೊಲ್ಲರು. ಅಜ್ಜಂಪುರದಿಂದ ಬೀರೂರಿಗೆ ಹೋಗುವ ಬಸ್ಸಿನಲ್ಲಿ 'ಮಹಿಳೆಯರಿಗೆ' ಎಂದು ಬರೆದ ಸೀಟಿನಲ್ಲೇ ಕೂತು ಕಿಟಕಿಯ ಕಡೆ ಮುಖ ತಿರುಗಿಸಿ ನಿದ್ದೆ ನಟಿಸುವ ನಮ್ಮ ಗಂಡಸರು ನೆನಪಾದರು.

ಮಾರನೆಯ ದಿನ ಫ್ಯಾಮಿಲಿ ಡಬ್ಬಿಗೇ ಹತ್ತಿದೆವು. ಅಕ್ಕ ಜೊತೆಗಿದ್ದುದರಿಂದ ಓಂಕಾರನಿಗೂ ಅಲ್ಲಿ ಜಾಗ ಸಿಕ್ಕಿತು. ಅವನು ಆ ಡಬ್ಬಿಯಲ್ಲಿ ಕೂತದ್ದು ಅದೇ ಮೊದಲ ಸಲವಂತೆ. ಹಸೆಮಣೆಯ ಮೇಲೆ ಕೂರಿಸಿದ ಮದುಮಗನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎದುರಿನ ಸೀಟಿನಲ್ಲಿ ಒಂದು ಮಗು ಅವನನ್ನು ನೋಡಿ ನಕ್ಕಿತು. ಅವನು ಇಳಿಯುವ ಸ್ಟೇಷನ್ ಬಂದರೂ ಏಳಲಿಲ್ಲ.

"ಏನಾಯ್ತೋ, ಇಳಿಯಲ್ವೇನೋ?" ಎಂದೆ.

"ಇನ್ನೊಂದ್ ಸ್ಟೇಷನ್ ಹೋಗಿ ಬರೋಣ ಬಾರಕ್ಕ" ಎಂದ.

ಕೊನೆಯ ಸ್ಟೇಷನ್ನಿನವರೆಗೂ ಹೋಗಿ ಬಂದೆವು.

ಬಜಾರು

ರಜಾದಿನದ ಹಿಂದಿನ ಸಂಜೆ ಓಂಕಾರ ಬಟ್ಟೆ ಅಂಗಡಿಗಳಿರುವ ಬೀದಿಗೆ ಕರೆದುಕೊಂಡು ಹೋದ. ಸೀರೆ ಅಂಗಡಿಯ ತುಂಬ ಗಂಡಸರು. ಒಬ್ಬ ತೆಲುಗಿನವನು, ಕಬ್ಬಿಣದ ಕೆಲಸದವನಿರಬೇಕು, ತೋಳು ನೋಡಿದರೆ ಗೊತ್ತಾಗುತ್ತಿತ್ತು. ನವಿಲುಗರಿ ಬಣ್ಣದ ಸೀರೆಯ ಸೆರಗನ್ನು ತನ್ನ ಹೆಗಲ ಮೇಲೇ ಹಾಕಿಕೊಂಡು, ಒಂದು ಸುತ್ತು ತಿರುಗಿ, ಫೋನಿನಲ್ಲಿ ಹೆಂಡತಿಗೆ ತೋರಿಸುತ್ತಿದ್ದ. ಯಾರೂ ನಗಲಿಲ್ಲ. ಪಕ್ಕದಲ್ಲಿದ್ದವನು ತನ್ನ ಸರದಿಗೆ ಕಾಯುತ್ತ, "ಬಾರ್ಡರ್ ಸಣ್ಣದಾಯಿತು" ಎಂದು ಸಲಹೆಯನ್ನೂ ಕೊಟ್ಟ. ನಮ್ಮೂರಿನಲ್ಲಿ ಗಂಡಸೊಬ್ಬ ಸೀರೆ ಹೆಗಲ ಮೇಲೆ ಹಾಕಿಕೊಂಡರೆ ಸಾಯುವತನಕ ಅಡ್ಡಹೆಸರು ಗ್ಯಾರಂಟಿ.

ಆ ತೆಲುಗಿನವನು ನನ್ನನ್ನು ನೋಡಿ, ಸಂಕೋಚದಿಂದ, ಸೀರೆ ನೀವೊಮ್ಮೆ ಹಾಕಿ ತೋರಿಸುತ್ತೀರಾ ಎಂದು ಸನ್ನೆ ಮಾಡಿದ. ಹಾಕಿಕೊಂಡೆ. ಫೋನಿನೊಳಗಿನ ಹೆಂಗಸು ನನ್ನನ್ನು ನೋಡಿ ನಮಸ್ಕಾರ ಮಾಡಿ, ಗಂಡನಿಗೆ ಏನೋ ಹೇಳಿ ನಕ್ಕಳು. ಅವನು ನಾಚಿಕೊಂಡ. ಓಂಕಾರ ಕಿವಿಯಲ್ಲಿ ಹೇಳಿದ: "ಗಂಡಂಗೆ, ಸೀರೆ ನಿನ್ ಹೆಗಲ ಮೇಲೇ ಚೆನ್ನಾಗಿತ್ತು ಅಂದ್ಲು ಕಣಕ್ಕ."

ಅದೇ ಹೊತ್ತಿಗೆ ಊರಿನಿಂದ ನಮ್ಮ ಯಜಮಾನರ ಫೋನು. "ಏನ್ರೀ?" ಎಂದರೆ, "ಉಪ್ಪಿನ ಡಬ್ಬಿ ಎಲ್ಲೈತೆ ಕಣೇ?" ಅದು ಅಂದಿನ ಎರಡನೆಯ ಫೋನು. ಮೊದಲನೆಯದು ಸಾಸಿವೆಗೆ.

ಶುಕ್ರವಾರ

ಓಂಕಾರನ ರೂಮು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಎಂಟು ಜನ ಗಂಡಸರು. ನಾನು ಮೂಗಿಗೆ ಸೆರಗು ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ. ದಾರಿಯುದ್ದಕ್ಕೂ ಓಂಕಾರ ಶುಕ್ರವಾರದ ಅಡುಗೆಯ ಬಗ್ಗೆ ಏನೋ ಹೇಳುತ್ತಿದ್ದ. ಒಳಗೆ ಎಷ್ಟು ನಾರುತ್ತದೋ ಎಂಬ ಚಿಂತೆಯಲ್ಲಿ ನನ್ನ ತಲೆಗೆ ಒಂದೂ ಹೋಗಲಿಲ್ಲ.

ಬಾಗಿಲು ತೆಗೆದರೆ ಸಾಬೂನಿನ ವಾಸನೆ! ನೆಲ ಫಳಫಳ. ಪುಣ್ಯಕ್ಕೆ ನಮ್ಮ ಗಿರಣಿಯ ನೆಲವನ್ನು ಅವರು ನೋಡಿಲ್ಲ. ಮಾಂಸ ತಿನ್ನದವರ ಪಾತ್ರೆಗಳ ಹಿಡಿಗೆ ಕೆಂಪು ದಾರ ಕಟ್ಟಿತ್ತು. ಅವನ್ನು ಬೇರೆಯವರು ಮುಟ್ಟರು. ಗೋಡೆಯ ಒಂದು ಮೂಲೆ ಮಾತ್ರ ಖಾಲಿ. ನಸುಕಿನಲ್ಲಿ ರಫೀಕಣ್ಣ ಅಲ್ಲಿ ನಮಾಜು ಮಾಡಿ ಚಾಪೆ ಮಡಿಸಿಟ್ಟರೆ, ಆಮೇಲೆ ಅದೇ ಜಾಗದಲ್ಲಿ ಓಂಕಾರನ ಲಿಂಗಪೂಜೆ. ಆ ಹೊತ್ತಿಗೆ ಯಾರೂ ಫೋನಿನಲ್ಲಿ ಹಾಡು ಹಾಕುವಂತಿಲ್ಲವಂತೆ. ಅಣ್ಣತಮ್ಮಂದಿರೇ ಗೋಡೆ ಎಬ್ಬಿಸಿಕೊಂಡ ಮನೆಗಳನ್ನು ಕಂಡ ನನಗೆ ಇದನ್ನು ನೋಡಿ ಬಾಯಿ ಕಟ್ಟಿತು. ನನ್ನ ಬಾಯಿ ಕಟ್ಟುವುದೆಂದರೆ ಸಣ್ಣ ಮಾತಲ್ಲ.

ಆದರೆ ಬಹಳ ಹೊತ್ತು ಕಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಬಿಹಾರದ ಹುಡುಗ, ರಾಮ್‌ಲಾಲ್ ಎಂದು ಹೆಸರು, ಒಬ್ಬನೇ ನಿಂತು ತಟ್ಟೆಯಲ್ಲಿ ಹಿಟ್ಟು ಕಲಸುತ್ತಿದ್ದ. ಉಳಿದವರೆಲ್ಲ ಆಚೆ ಸುಮ್ಮನೆ ಕೂತಿದ್ದರು. ಹೆಂಗಸೊಬ್ಬಳು ಮನೆಗೆ ಬಂದಿರುವಾಗ ಗಂಡಸು ಒಲೆ ಮುಂದೆ ನಿಲ್ಲುವುದೇ? ಒಳಗೆ ನುಗ್ಗಿದೆ. ನೋಡಿದರೆ ಹುರಿಗಡಲೆ ಹಿಟ್ಟು, ಪುಡಿಪುಡಿಯಾಗಿ ಉದುರುತ್ತಿದೆ. ಹಿಟ್ಟಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ.

"ಹಿಂಗಾ ಕಲ್ಸೋದು? ಗಂಡಸ್ರಿಗೇನ್ ಗೊತ್ತಾಗುತ್ತೆ, ಸರಿ ಆಚೆ" ಎಂದು ತಟ್ಟೆ ಎಳೆದುಕೊಂಡು ಒಂದು ಲೋಟ ನೀರು ಸುರಿದುಬಿಟ್ಟೆ.

ರಾಮ್‌ಲಾಲ್ ಕೈ ಎತ್ತಿದವನು ಎತ್ತಿದ ಹಾಗೇ ನಿಂತ. ಹಿಟ್ಟು ಅಂಬಲಿಯಾಗಿತ್ತು. ಅವನು ಕೈ ತೊಳೆದುಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ರಫೀಕಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ. "ತಪ್ಪು ತಿಳೀಬೇಡಿ ಅಮ್ಮಾ. ವಾರವೆಲ್ಲ ಯಾರು ಬೇಕಾದ್ರೂ ಬೇಯಿಸ್ತೀವಿ. ಶುಕ್ರವಾರ ಮಾತ್ರ ಒಬ್ಬೊಬ್ಬರ ಪಾಳಿ. ಪಾಳಿ ಇದ್ದೋನು ಅವರಮ್ಮನ ಕೈಯಡಿಗೆ ಮಾಡ್ಬೇಕು. ಬೇರೆಯವ್ರು ಈರುಳ್ಳಿನೂ ಹೆಚ್ಚಂಗಿಲ್ಲ. ಅವತ್ತು ಅದು ಅವನ ಮನೆ, ನಾವು ಅವನ ನೆಂಟರು. ಎಂಟು ವಾರಕ್ಕೆ ಒಂದ್ಸಲ ಬರೋದು ನೋಡಿ. ಆ ಹಿಟ್ಟು ಕಣಕದೊಳಗೆ ತುಂಬಿ ಸುಡೋ ಹೂರಣ, ಒಣಗೇ ಇರ್ಬೇಕು. ಅವರಮ್ಮ ಹುರಿದು ಕಳಿಸಿದ್ದು."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಓಂಕಾರ ನನಗೆ ಬೈಯುತ್ತಾನೆಂದುಕೊಂಡೆ. ಎಲ್ಲರೆದುರು ಅಕ್ಕ ಮಾನ ಕಳೆದಳೆಂದು ಸಿಡುಕಿದ್ದರೂ ಸರಿಯಿತ್ತು. ಅವನು ಹತ್ತಿರ ಬಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಜೋರಾಗಿಯೂ ಅಲ್ಲ ಮೆಲ್ಲಗೂ ಅಲ್ಲ, "ಅಕ್ಕ, ಒಲೆ ಬಿಟ್ಟು ಬಾ. ನೀನಿವತ್ತು ನೆಂಟ್ಳು" ಎಂದ. ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟ.

ಆಮೇಲೆ ನಾನು ತಂಬಿಟ್ಟಿಗೆಂದು ತಂದಿದ್ದ ಹುರಿಗಡಲೆ ಹಿಟ್ಟಿನ ಪೊಟ್ಟಣ ಹಿಡಿದು ಮೆಟ್ಟಿಲಿಗೆ ಹೋದ. ರಾಮ್‌ಲಾಲನ ಪಕ್ಕ ಕೂತ. ಹಿಂದಿಯಲ್ಲಿ ಹೇಳಿದ್ದು ಬಾಗಿಲಿನಿಂದ ಕೇಳಿಸಿತು. ಧಾರಾವಾಹಿ ನೋಡಿ ನೋಡಿ ನನಗೂ ಅಷ್ಟು ಹಿಂದಿ ಬರುತ್ತದೆ. "ಇದು ನಮ್ಮಕ್ಕನ ಗಿರಣಿಯ ಹಿಟ್ಟು. ನಿಮ್ಮಮ್ಮ ಹುರಿದಷ್ಟು ಚೆನ್ನಾಗಿರಲ್ಲ. ನೀನೇ ನೋಡು, ಆಗುತ್ತೋ ಇಲ್ವೋ. ಆಗಲ್ಲ ಅಂದ್ರೆ ನಿನ್ನ ಪಾಳಿ ಮುಂದಿನ ಶುಕ್ರವಾರ, ನಂದು ನಿನಗೆ ಬಿಟ್ಟೆ."

ರಾಮ್‌ಲಾಲ್ ಹಿಟ್ಟು ಮೂಸಿದ, ನಾಲಿಗೆಗೆ ಹಾಕಿಕೊಂಡ, ತುಸು ಯೋಚಿಸಿದ. ಆಮೇಲೆ ಎದ್ದು ಒಳಗೆ ಬಂದು ನನಗೆ ಕೈ ಮುಗಿದು ಒಲೆ ಹಚ್ಚಿದ. ಕೈ ಮುಗಿಯಬೇಕಾದದ್ದು ನಾನು. ಮುಗಿದೆ.

ಸುಟ್ಟ ಉಂಡೆ, ಬದನೆಕಾಯಿ ಗೊಜ್ಜು. ಅವನೇ ಎಲ್ಲರಿಗೂ ಬಡಿಸಿ ಕೊನೆಗೆ ತಾನು ಕೂತ. ನಾನು ಮೂರು ಉಂಡೆ ತಿಂದೆ. ಹೊಗಳಬೇಕೆಂದು ತಿಂದದ್ದಲ್ಲ, ಅಷ್ಟು ರುಚಿಯಾಗಿತ್ತು. ನಾನು ಕೆಡಿಸಿದ ಅಂಬಲಿಯನ್ನು ಓಂಕಾರ ಚೆಲ್ಲಲಿಲ್ಲ. ಅದಕ್ಕೆ ಹಸಿಮೆಣಸಿನಕಾಯಿ ಹಾಕಿ ದೋಸೆ ಹುಯ್ದು, "ನಮ್ಮಕ್ಕನ ಪಾಳಿದು" ಎಂದು ತಾನೂ ತಿಂದ, ರಾಮ್‌ಲಾಲನಿಗೂ ಒಂದು ಕೊಟ್ಟ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಹೆಮ್ಮೆಗೆ ಬಂದದ್ದು. ಇವನು ನಮ್ಮ ಓಂಕಾರನೇ?

ಏಕೆಂದರೆ ಅಜ್ಜಂಪುರಕ್ಕೆ ರಜೆಗೆ ಬಂದಾಗ ಇವನು ನೀರಿಗೂ ಕೂತಲ್ಲಿಂದಲೇ ಕೂಗುತ್ತಾನೆ. ಊಟವಾದ ಮೇಲೆ ತಟ್ಟೆ ಅಲ್ಲೇ. ಊರಲ್ಲಿ ಯಾಕೋ ಹಾಗಿರ್ತೀಯ ಎಂದು ಕೇಳಿದರೆ ಸಿಂಕಿನ ಮುಂದೆ ಪಾತ್ರೆ ಉಜ್ಜುತ್ತಿದ್ದವನು ನಕ್ಕ. "ಮೊದಲ್ನೇ ರಜೆಗೆ ಬಂದಾಗ ತಟ್ಟೆ ತೊಳಿಯಕ್ಕೆ ಎದ್ದಿದ್ದೆ ಅಕ್ಕ. ಅಮ್ಮ ಅತ್ಲು. ನೀನು ಕೈಯಿಂದ ಕಿತ್ಕಂಡೆ. ಆಮೇಲೆ ಕೂತ್ಬಿಟ್ಟೆ. ಕೂತಿರೋದು ಸುಲಭ ಅಲ್ವಾ?"

ತರೀಕೆರೆ

ಊರಿಗೆ ಬಂದ ವಾರದಲ್ಲೇ ಲ್ಯಾಬಿಗೆ ಹೋದೆ. ಮಮತಾ ಕೈಗವಸು ತೆಗೆದು ಹೊರಗೆ ಬಂದಳು. ಅಮ್ಮ ಹೇಳಿಕೊಟ್ಟ ಮಾತು ಬಾಯಲ್ಲಿ ಸಿದ್ಧವಿತ್ತು. ಆದರೆ ಅವಳ ಮುಖ ನೋಡಿದ ಮೇಲೆ ಶುಕ್ರವಾರದ ಕಥೆಯನ್ನೆಲ್ಲ ಹೇಳಿದೆ, ನೀರು ಸುರಿದದ್ದನ್ನೂ ಬಿಡದೆ. ಆಮೇಲೆ ರಜೆಯಲ್ಲಿ ಕೂತಲ್ಲಿಂದ ನೀರು ಕೇಳುವುದನ್ನೂ ಹೇಳಿದೆ. ಹೇಳಿದ ಮೇಲೆ ಹೆದರಿಕೆಯಾಯಿತು. ತಮ್ಮನ ಮದುವೆಯನ್ನು ನನ್ನ ಬಾಯಿಂದಲೇ ಮುರಿದೆನಾ?

"ಹಾಗಾದ್ರೆ ಅಲ್ಲಿ ಬರುತ್ತೆ, ಇಲ್ಲಿ ಮರ್ತು ಹೋಗುತ್ತೆ" ಎಂದಳು ಅವಳು.

"ಅವನು ಮರೆಯಲ್ಲ ಕಣಮ್ಮ. ಮರೆಸೋರು ನಾವು."

ಬೀರೂರಿನ ಬಸ್ಸು ಬಂತು, ಹೋಯಿತು.

"ಅಕ್ಕ, ನಾನು ತಪ್ಪು ಪ್ರಶ್ನೆ ಕೇಳಿದ್ದೆ. ಅವರಿಗೆ ಬಾಳೋಕೆ ಬರುತ್ತಾ ಅಂತಲ್ಲ ಕೇಳ್ಬೇಕಾಗಿದ್ದು. ಅವರನ್ನ ಮಾಡೋಕೆ ಬಿಡೋದು ನಿಮ್ಮಿಂದ ಆಗುತ್ತಾ ಅಂತ. ಅವರು ಬಂದಾಗ ಮನೆ ನೋಡೋಕೆ ಬರ್ತೀವಲ್ಲ, ಆವಾಗ ನೋಡ್ತೀನಿ."

ಮತ್ತೆ ಅಜ್ಜಂಪುರ

ಓಂಕಾರ ರಜೆಗೆ ಬಂದ. ಒಂದು ಭಾನುವಾರ ಮಮತಾ, ಅವಳ ಅಪ್ಪ, ಅಮ್ಮ ಮನೆ ನೋಡಲು ಬಂದರು. ಗಿರಣಿ ಮುಂದೆ, ಮನೆ ಹಿಂದೆ. ಅವಳಪ್ಪ ಅಮ್ಮ ಪಡಸಾಲೆಯಲ್ಲಿ ಕೂತರು, ಮಮತಾ ಗಿರಣಿ ನೋಡುತ್ತೇನೆಂದು ನನ್ನ ಜೊತೆ ನಿಂತಳು. ನಮ್ಮ ಯಜಮಾನರು, ಹೇಳುವುದೇ ಬೇಡ, ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಈಗ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದರು.

ಆಗ ಒಳಗಿನಿಂದ ಅಮ್ಮನ ಕೂಗು. "ಲೇ ಗೌರೀ, ಬಾರೇ ಬೇಗ! ನೆಂಟ್ರು ಕೂತವ್ರೆ, ಇವ್ನು ಒಲೆ ಮುಂದೆ ನಿಂತ್ಕಂಡು ರೊಟ್ಟಿ ತಟ್ತಾವ್ನೆ! ಮಾನ ಹೋಯ್ತು ಕಣೇ, ಬಂದು ಎಳ್ಕೋ ಇವ್ನನ್ನ!"

ನನ್ನ ಕಾಲು ಆಗಲೇ ಒಳಗೆ ತಿರುಗಿತ್ತು, ಸುಳ್ಳು ಹೇಳುವುದೇಕೆ. ಕೈ ಸೆರಗು ಸಿಕ್ಕಿಸುತ್ತಿತ್ತು. ಮಮತಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಬೆಳಿಗ್ಗೆ ಯಾರೋ ಇಟ್ಟುಹೋಗಿದ್ದ ರಾಗಿ ಚೀಲ ಅಲ್ಲೇ ಇತ್ತು. ಎತ್ತಿ ಮೆಷಿನ್ನಿನ ಬಾಯಿಗೆ ಸುರಿದೆ. ಅಮ್ಮ ಮತ್ತೊಮ್ಮೆ ಕೂಗುವುದರೊಳಗೆ ಸ್ವಿಚ್ ಹಾಕಿದೆ.

ಗಿರಣಿ ಗುಡುಗಿತು. ಅಮ್ಮ ಇನ್ನೂ ಕೂಗುತ್ತಿದ್ದಳೇನೋ, ನನಗೆ ಕೇಳಿಸಲಿಲ್ಲ. ಮಮತಾ ನಕ್ಕು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಒಳಗೆ ಹೋಗಿ ಮಣೆ ಎಳೆದುಕೊಂಡು ಊಟಕ್ಕೆ ಕೂತಳು.